ತಪ್ಪಿಹೋದ ಕುರಿಯ ಕುರ್ಚಿ

ನನ್ನ ಮಾವ ಊಟಕ್ಕೆ ಮುಂಚೆ ಪ್ರಾರ್ಥನೆಗೆ ಕೂತರೆ ಬಡಿಸಿದ್ದೆಲ್ಲ ಆರಿ ತಣ್ಣಗಾಗುತ್ತಿತ್ತು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಬಿಸಿ ಊಟ ಮಾಡಿದ್ದು ಅವರಿಗೆ ಗಂಟಲು ಕಟ್ಟಿದಾಗ ಮಾತ್ರ. ದೇವರಿಗೆ ಕಿವಿ ಮಂದವೆಂದು ಅವರಿಗೆ ಯಾರು ಹೇಳಿದರೋ, ಹೇಳಿದ್ದನ್ನೇ ಹೇಳುತ್ತಿದ್ದರು, ಅದೂ ಬೀದಿಗೆಲ್ಲ ಕೇಳುವಂತೆ.

ಕೆಲಸದಲ್ಲಿ ಅವರಿಗೆ ಹೆಸರಿಡುವ ಹಾಗಿಲ್ಲ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಸೀಟು ಹರಿದ ಬೆತ್ತದ ಕುರ್ಚಿಗಳು ಅಲ್ಲಿಗೆ ಬರುತ್ತವೆ. ಬೆತ್ತದ ಸೀಳುಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಚೌಕಟ್ಟಿನ ತೂತುಗಳಲ್ಲಿ ಒಂದೊಂದಾಗಿ ಎಳೆದು, ಪುಟ್ಟ ಗೂಟ ಹೊಡೆದು ಬಿಗಿ ಮಾಡುತ್ತಾರೆ. ಊರಿನ ಅರ್ಧ ಜನ ಕೂರುವುದು ಅವರು ಹೆಣೆದ ಸೀಟಿನ ಮೇಲೆಯೇ. ಆದರೆ ಅಂಗಡಿಯ ಮೂಲೆಯಲ್ಲಿ ಒಂದು ಕುರ್ಚಿ ಜೋಲುಬಿದ್ದ ಸೀಟು ಹೊತ್ತು ವರ್ಷಗಟ್ಟಲೆ ಧೂಳು ತಿನ್ನುತ್ತಿತ್ತು. ಅದನ್ನು ಅವರು ಮುಟ್ಟುತ್ತಿರಲಿಲ್ಲ. ಅದು ಅವರ ತಂಗಿಯ ಕುರ್ಚಿ.

ತಂಗಿ ಇರುವುದು ಎರಡು ಬೀದಿ ಆಚೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಇವರ ತಾಯಿ ಹಾಸಿಗೆ ಹಿಡಿದಾಗ ಕೊನೆಯವರೆಗೂ ಉಚ್ಚೆ ಹೇಲು ಬಾಚಿದವಳು ಅವಳೇ. ಮಣ್ಣು ಮಾಡಿ ಬಂದ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಮಾವ ತಾಯಿಯ ಬಗ್ಗೆ ಉದ್ದಕ್ಕೆ ಪ್ರಾರ್ಥನೆ ಹೊಡೆದರು. ಮುಗಿದ ಮೇಲೆ ತಂಗಿ, "ಅಣ್ಣಾ, ಅಮ್ಮ ಬದುಕಿದ್ದಾಗ ಇದರಲ್ಲಿ ಅರ್ಧ ಹೊತ್ತು ಅವಳ ಪಕ್ಕ ಕೂತಿದ್ರೆ ಸಾಕಿತ್ತು" ಅಂದಳು. ಯಾರೋ ಕಿಸಕ್ಕನೆ ನಕ್ಕರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮಾವ ಅಲ್ಲೇ ಬಾಗಿಲಿಗೆ ಬೆರಳು ತೋರಿಸಿ, "ಇನ್ನು ನಾನು ಕರೆಯೋವರೆಗೂ ಈ ಹೊಸ್ತಿಲು ತುಳೀಬೇಡ" ಅಂದರು.

ಅವತ್ತಿನಿಂದ ಶುರುವಾಯಿತು ನೋಡಿ ನಾಟಕ. ಪ್ರತಿ ಊಟಕ್ಕೂ ಒಂದೇ ಮೊರೆ: "ಕರ್ತನೇ, ತಪ್ಪಿಹೋದ ಆ ಕುರಿಯನ್ನು, ನನ್ನ ತಂಗಿಯನ್ನು, ಮರಳಿ ಈ ಮನೆಗೆ ತಂದು ಈ ಮೇಜಿನ ಮುಂದೆ ಕೂರಿಸು." 'ತಂಗಿ' ಅನ್ನುವಲ್ಲಿ ದನಿ ತಪ್ಪದೆ ನಡುಗುತ್ತಿತ್ತು. ಭಾನುವಾರ ಸಭೆಯಲ್ಲೂ ಇದೇ ಪಾಠ, ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರನ್ನು ಸಭೆಯ ಹಿರಿಯರನ್ನಾಗಿ ಆರಿಸಿದ್ದು ಆ ನಡುಗುವ ದನಿಗೇ ಎಂಬುದು ನನ್ನ ಎಣಿಕೆ. ದಾರಿಯಲ್ಲಿ ತಂಗಿ ಎದುರಾದರೆ ಮಾತ್ರ ಬೀದಿಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಅಪ್ಪನ ಎದುರು ಉಸಿರೆತ್ತದ ನನ್ನ ಗಂಡನೂ ಸೇರಿ ದೊಡ್ಡವರೆಲ್ಲ ಸಾಲಾಗಿ ಕೂತು ಆ ಮೊರೆಗೆ ಆಮೆನ್ ಅನ್ನುತ್ತಿದ್ದೆವು. ಅದು ನೆರವೇರಬಹುದು ಅಂತ ನಮ್ಮಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ, ನೆರವೇರಲಿ ಅಂತ ಮಾವನಿಗಂತೂ ಇರಲೇ ಇಲ್ಲ.

ನಮ್ಮಲ್ಲಿ ಒಬ್ಬಳು ಮಾತ್ರ ಅದನ್ನು ನಿಜವೆಂದು ನಂಬಿದ್ದಳು. ನನ್ನ ಮಗಳು, ಮುಂದಿನ ಹಲ್ಲು ಬಿದ್ದ ಪುಟ್ಟಿ. ಒಂದು ಭಾನುವಾರ ಪಾದ್ರಿಗಳಿಂದ ತಪ್ಪಿಹೋದ ಕುರಿಯ ಕಥೆ ಕೇಳಿಕೊಂಡು ಬಂದು ತಾತನ ಪಕ್ಕ ಕೂತಳು.

"ತಾತಾ, ಕುರಿ ತಾನಾಗೇ ವಾಪಸ್ ಬರಲಿಲ್ಲವಂತೆ."

"ಹೌದು ಪುಟ್ಟಿ, ಕಾಯೋನು ಹುಡುಕ್ಕೊಂಡು ಹೋದ."

"ಮತ್ತೆ ನೀನ್ಯಾವಾಗ ಹೋಗ್ತೀಯಾ? ಎರಡೇ ಬೀದಿ ತಾನೆ?"

ಮಾವ ಕೆಮ್ಮಿದರು. "ದೇವರ ಸಮಯ ಬರಬೇಕಮ್ಮ. ಊಟ ಮಾಡು."

ಮಗು ತಲೆಯಾಡಿಸಿತು. ತಾತನಿಗೆ ಮಂಡಿನೋವು, ಪಾಪ ನಡೆಯಲಾರರು ಅಂತ ಅದರ ಲೆಕ್ಕ. ಮರುದಿನ ಸಂಜೆ ತಟ್ಟೆ ಇಡುವ ಹೊತ್ತಿಗೆ ಪುಟ್ಟಿ ಕಾಣಲಿಲ್ಲ. ಪಕ್ಕದ ಮನೆಯಲ್ಲಿ ಆಡುತ್ತಿದ್ದಾಳೆ ಅಂದುಕೊಂಡೆ. ಅವಳು ನೇರ ಲಾಂಡ್ರಿಗೆ ಹೋಗಿದ್ದಳು. "ಚಿಕ್ಕಜ್ಜೀ, ತಾತ ದಿನಾ ಕರೀತಾರೆ, ದೇವರ ಹತ್ರಾನೂ ಹೇಳ್ತಾರೆ. ಬೇಗ ಬನ್ನಿ, ಊಟ ಆರೋಗತ್ತೆ" ಅಂದಳಂತೆ. ಚಿಕ್ಕಜ್ಜಿ ನಂಬಲಿಲ್ಲ. ಆದರೂ ಹಿಡಿದ ಕೈ ಬಿಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ, ಇಸ್ತ್ರಿಪೆಟ್ಟಿಗೆ ಆರಿಸಿ ಬಂದಳು.

ಇಲ್ಲಿ ಪ್ರಾರ್ಥನೆ ಸರಿಯಾಗಿ "ಮರಳಿ ಈ ಮನೆಗೆ ತಂದು" ಎಂಬಲ್ಲಿಗೆ ಬಂದಿತ್ತು. ಬಾಗಿಲು ಕಿರ್‍ರೆಂದಿತು.

"ತಾತಾ, ಬಂದ್ರು!"

ಮಾವ ಒಂದು ಕಣ್ಣು ತೆರೆದಿದ್ದನ್ನು ನಾನು ನೋಡಿದೆ. ಹೊಸ್ತಿಲಾಚೆ ತಂಗಿ ನಿಂತಿದ್ದಳು, ಕೂದಲು ನರೆತು, ಕೈ ಸೆರಗಿನಲ್ಲಿ ಸುತ್ತಿಕೊಂಡು. ಆ ಕಣ್ಣು ಫಕ್ಕನೆ ಮುಚ್ಚಿತು, ಪ್ರಾರ್ಥನೆ ಮುಂದುವರಿಯಿತು. ಆಳುವವರಿಗಾಗಿ, ರೋಗಿಗಳಿಗಾಗಿ, ಸಮುದ್ರದ ಮೇಲೆ ಹೋಗುವವರಿಗಾಗಿ! ನಮ್ಮ ವಂಶದಲ್ಲಿ ಹಡಗು ಕಂಡವರೇ ಇಲ್ಲ. ಕಣ್ಣು ಬಿಟ್ಟರೆ ತಂಗಿಯನ್ನು ನೋಡಬೇಕಲ್ಲ, ಅದಕ್ಕೆ ದೇವರ ಹಿಂದೆ ಅಡಗಿ ಕೂತಿದ್ದರು ಆ ಮಹಾನುಭಾವರು. ನನಗೆ ಅಸಹ್ಯವಾಯಿತು. ಅಣ್ಣ ಕರೆಯದೆ ತಂಗಿ ಹೊಸ್ತಿಲು ದಾಟುವವಳಲ್ಲ. ಮುಖ ಸಣ್ಣ ಮಾಡಿಕೊಂಡು ಹಿಂದಕ್ಕೆ ತಿರುಗಿದಳು. ಈಗ ಹೋದರೆ ಮತ್ತೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಪುಟ್ಟಿ ಅಂಗಡಿಯ ಮೂಲೆಯ ಕುರ್ಚಿಯನ್ನು ದರದರ ಎಳೆದು ತಂದು, ಹರಿದ ಸೀಟಿನ ಮೇಲೆ ಅಡುಗೆಮನೆಯ ತರಕಾರಿ ಹೆಚ್ಚುವ ಹಲಗೆ ಇಟ್ಟಳು. ಆಮೇಲೆ ತಾತನ ಮುಖದ ಹತ್ತಿರ ಹೋಗಿ ಗಟ್ಟಿಯಾಗಿ, "ಆಮೆನ್!" ಅಂದಳು. "ಸಾಕು ತಾತಾ. ದೇವರು ಕೊಟ್ಟಾಯ್ತು."

ಮಾವ ಕಣ್ಣು ಬಿಡಲೇಬೇಕಾಯಿತು. ತಾತ ಈಗ ಎಷ್ಟು ಖುಷಿಪಡುತ್ತಾರೋ ಅಂತ ಆ ಬೊಚ್ಚುಬಾಯಿಯ ಮಗು ಅವರನ್ನೇ ನೋಡುತ್ತಿತ್ತು. ಆ ನೋಟದಲ್ಲಿ ವ್ಯಂಗ್ಯವಿದ್ದಿದ್ದರೆ ಗದರಿಸಿ ಪಾರಾಗುತ್ತಿದ್ದರು. ಬರೀ ನಂಬಿಕೆಯಿತ್ತು.

"ಬಾ ಒಳಗೆ" ಅಂದರು, ತಟ್ಟೆಗೆ ಹೇಳಿದ ಹಾಗೆ.

ತಂಗಿ ಬಂದು ಹಲಗೆಯ ಮೇಲೆ ಕೂತಳು. ಹಲಗೆಯ ಕೆಳಗೆ ಜೋಲುವ ಬೆತ್ತವನ್ನು ಬೆರಳಲ್ಲಿ ತಡವಿ, "ಊರಿಗೆಲ್ಲ ಹೆಣೆದೆ, ಇದೊಂದನ್ನ ಹಾಗೇ ಬಿಟ್ಟಿದ್ದೀಯಲ್ಲೋ ಅಣ್ಣಾ" ಅಂದಳು. ಆಮೇಲೆ ಅತ್ತಳು. ನಾನೂ ಅತ್ತೆ.

ಮಾವ ಬದಲಾದರೆಂದು ತಿಳಿಯಬೇಡಿ. ಮುಂದಿನ ಭಾನುವಾರವೇ ಸಭೆಯಲ್ಲಿ ಎದ್ದು ನಿಂತು, ತಮ್ಮ ಎಡೆಬಿಡದ ಪ್ರಾರ್ಥನೆಗೆ ಕರ್ತನು ಹೇಗೆ ಉತ್ತರ ಕೊಟ್ಟನೆಂದು ಸಾಕ್ಷಿ ಹೇಳಿದರು. ನಾನು ಹಲ್ಲು ಕಡಿದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನನ್ನ ಮಗಳು! ಕುರ್ಚಿಗೆ ಹೊಸ ಸೀಟೂ ಹೆಣೆದರು ಅನ್ನಿ. ಆದರೆ ಅದಕ್ಕೆ ಮುಂಚೆ ಹಲಗೆ ವಾಪಸ್ ಬೇಕೆಂದು ನಾನು ದಿನವೂ ಪೀಡಿಸಬೇಕಾಯಿತು.

ಈಗ ಮಾವನ ಪ್ರಾರ್ಥನೆ ಗಿಡ್ಡವಾಗಿದೆ, ನಮ್ಮ ಮನೆಯಲ್ಲಿ ಎಲ್ಲರಿಗೂ ಬಿಸಿ ಊಟ, ಚಿಕ್ಕಜ್ಜಿಗೂ. ಮೊನ್ನೆ ಮಾವ ಹಳೇ ರಾಗ ತೆಗೆದು, "ಕರ್ತನೇ, ಬೀದಿಯ ಕೊನೇ ಮನೆಯಲ್ಲಿ ಒಬ್ಬಂಟಿಯಾಗಿರುವ ಆ ಮುದುಕನಿಗೆ ಯಾರಾದರೂ..." ಎಂದು ಶುರು ಮಾಡಿದವರು ತಟ್ಟನೆ ನಿಲ್ಲಿಸಿ ಆಮೆನ್ ಅಂದುಬಿಟ್ಟರು. ಕಣ್ಣು ಬಿಟ್ಟು ನೋಡಿದೆ. ಮೇಜಿನ ಆ ತುದಿಯಲ್ಲಿ ಪುಟ್ಟಿ ಆಗಲೇ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಳು.