ಕಜಾನ್‌ಲಾಕ್‌ನ ಗುಲಾಬಿ, ಡೊಂಬಿವಲಿಯ ಮೂಗು

ಸೌಭಾಗ್ಯ ತಲೆಗೆ ಹೂ ಮುಡಿಯುತ್ತಿರಲಿಲ್ಲ. ಮದುವೆಯಾಗಿ ಧಾರವಾಡದಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ವರ್ಷವೇ ಅವಳಿಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸುಗಂಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯ ವಾಸನೆ ನೋಡುವ ಕೋಣೆಗೆ ಹೂವು, ಪೌಡರು, ಪರಿಮಳದ ಎಣ್ಣೆ ಯಾವುದೂ ಬರುವಂತಿರಲಿಲ್ಲ. ಹಸಿ ಉಳ್ಳಾಗಡ್ಡಿ ತಿಂದವರೂ ಬರುವಂತಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದ ಅವಳಿಗೆ ಈ ನಿಯಮದಲ್ಲಿ ತಪ್ಪೇನೂ ಕಾಣಲಿಲ್ಲ. ಅತ್ತೆ ಕಾಳವ್ವನಿಗೆ ಕಂಡಿತು.

"ಹೆಸರು ನೋಡಿದ್ರ ಸೌಭಾಗ್ಯ. ತಲ್ಯಾಗ ಒಂದು ಮಲ್ಲಿಗಿ ಎಸಳಿಲ್ಲ. ನೋಡಿದ ಮಂದಿ ನನ್ನ ಮಗನ ಬಗ್ಗೆ ಏನಂತ ತಿಳ್ಕೋಬೇಕು?"

ಮಗ ಸಿದ್ಧೇಶ್ವರ ಹತ್ತಿರದ ಠಾಣೆ ನಗರದ ಒಂದು ಬ್ಯಾಂಕಿನಲ್ಲಿದ್ದ. ತಾನು ಬದುಕಿರುವುದಕ್ಕೆ ಬೇಕಾದರೆ ಬ್ಯಾಂಕಿನಿಂದ ಸರ್ಟಿಫಿಕೇಟು ತಂದುಕೊಡುವುದಾಗಿ ಅವನು ಹೇಳಿದ ಮೇಲೆ ಆ ಮಾತು ಅಲ್ಲಿಗೆ ನಿಂತಿತು. ಹೂವಿಲ್ಲದ ತಲೆ ಹಾಗೆಯೇ ಮೂವತ್ತು ವರ್ಷ ಉಳಿಯಿತು.

ಅವಳಿಗೆ ಕೆಲಸ ಕಲಿಸಿದವರು ಮೈಸೂರಿನ ಪುಂಡರೀಕಾಕ್ಷ. ಕಾಗದದ ಪಟ್ಟಿಯ ತುದಿಯನ್ನು ದ್ರವದಲ್ಲಿ ಅದ್ದಿ, ಮೂಗಿನಿಂದ ತುಸು ದೂರ ಹಿಡಿದು ನೋಡಬೇಕು. ಈಗೊಮ್ಮೆ, ಒಂದು ಗಂಟೆ ಬಿಟ್ಟು ಒಮ್ಮೆ, ಮರುದಿನ ಬೆಳಿಗ್ಗೆ ಮತ್ತೊಮ್ಮೆ. ವಾಸನೆ ಒಂದೇ ಸಲಕ್ಕೆ ತನ್ನನ್ನು ಪೂರ್ತಿ ತೋರಿಸುವುದಿಲ್ಲ. ನಡುವೆ ಮೂಗು ದಣಿದರೆ ಮೊಣಕೈ ಮಡಿಚಿ, ಆ ಮಡಿಕೆಯಲ್ಲಿ ಮೂಗಿಟ್ಟು ಉಸಿರೆಳೆದುಕೊಳ್ಳಬೇಕು. ತನ್ನ ಮೈಯ ವಾಸನೆ ಮೂಗಿಗೆ ಸೊನ್ನೆ ಇದ್ದಂತೆ. ಎಣಿಕೆ ಅಲ್ಲಿಂದ ಮತ್ತೆ ಶುರುವಾಗುತ್ತದೆ.

"ಕಣ್ಣು ಹೇಳಿದ್ದನ್ನ ಮೂಗು ನಂಬಬಾರದಮ್ಮ," ಎನ್ನುತ್ತಿದ್ದರು ಪುಂಡರೀಕಾಕ್ಷ. "ಬಾಟ್ಲಿ ಮೇಲೆ ಗುಲಾಬಿ ಅಂತ ಬರೆದಿಟ್ರೆ ನೀರಿಗೂ ಗುಲಾಬಿ ವಾಸನೆ ಬರುತ್ತೆ."

ಅದಕ್ಕಾಗಿಯೇ ಅನುಮಾನ ಬಂದಾಗ ಪಟ್ಟಿಗಳನ್ನು ಬೇರೆಯವರ ಕೈಗೆ ಕೊಟ್ಟು, ಕಣ್ಣು ಮುಚ್ಚಿ ನೋಡುವುದು ಆ ಕೋಣೆಯ ರೂಢಿಯಾಗಿತ್ತು.

ಅವಳ ಪಾಲಿಗೆ ಬಂದದ್ದು ಗುಲಾಬಿ. ಸಾಬೂನಿಗೆ, ಊದಿನಕಡ್ಡಿಗೆ ಬೇಕಾದ ಗುಲಾಬಿಯ ವಾಸನೆಯನ್ನು ಕಾರ್ಖಾನೆಯಲ್ಲಿ ಹತ್ತಾರು ರಾಸಾಯನಿಕಗಳನ್ನು ಬೆರೆಸಿ ಮಾಡುತ್ತಿದ್ದರು. ಅವುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಪಿ.ಇ.ಎ. ಎಂಬ ದ್ರವ. ಅದು ಅಂಗಳದ ನೀಲಿ ಡ್ರಮ್ಮುಗಳಲ್ಲಿ ಬಿಸಿಲಿಗೆ ನಿಂತಿರುತ್ತಿತ್ತು. ಜೇನು ಬೆರೆತಂಥ, ಸ್ವಲ್ಪ ಮಂಕಾದ ವಾಸನೆ. ಗೇಟು ದಾಟುತ್ತಿದ್ದಂತೆ ಮೂಗಿಗೆ ಬಡಿಯುತ್ತಿದ್ದದ್ದು ಅದೇ. ಸೀರೆಗೂ ಹತ್ತಿಕೊಂಡಿರುತ್ತಿದ್ದುದರಿಂದ ಶೇರ್ ರಿಕ್ಷಾದಲ್ಲಿ ಪಕ್ಕ ಕೂತವರು ಅವಳನ್ನು ಅಗರಬತ್ತಿಯವಳು ಎಂದುಕೊಳ್ಳುತ್ತಿದ್ದರು.

ಮಾಡಿದ ಗುಲಾಬಿಯನ್ನು ಹೋಲಿಸಿ ನೋಡಲು ಫ್ರಿಜ್ಜಿನಲ್ಲಿ ಬೆರಳುದ್ದದ ಒಂದು ಸೀಸೆ ಇತ್ತು. ಅದರಲ್ಲಿ ಇದ್ದದ್ದು ಬಲ್ಗೇರಿಯಾದ ಅಸಲು ಗುಲಾಬಿ ಎಣ್ಣೆ. ತಂಪಿಗೆ ಆ ಎಣ್ಣೆ ಹೆಪ್ಪುಗಟ್ಟಿ ಬಿಳಿ ಹರಳಾಗಿರುತ್ತಿತ್ತು. ಸೌಭಾಗ್ಯ ಅದನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಅಂಗೈಯ ಬಿಸಿಗೆ ಹರಳು ಕರಗಿ ಎಣ್ಣೆ ತಿಳಿಯಾಗುವ ತನಕ ಯಾರೂ ಅವಳನ್ನು ಮಾತನಾಡಿಸುತ್ತಿರಲಿಲ್ಲ. ಆಮೇಲೆ ಮುಚ್ಚಳ ತೆರೆದರೆ ಲವಂಗ, ನಿಂಬೆಸಿಪ್ಪೆ, ಒದ್ದೆ ಎಲೆ, ಕಾಳುಮೆಣಸು ಒಂದರ ಹಿಂದೆ ಒಂದು ಎದ್ದು ಬರುತ್ತಿದ್ದವು. ಎಲ್ಲ ಸೇರಿ ಗುಲಾಬಿಯಾಗುತ್ತಿದ್ದವು. ಡೊಂಬಿವಲಿಯ ಗುಲಾಬಿ ಆ ಸೀಸೆಗೆ ಎಂದೂ ಸಮನಾಗಲಿಲ್ಲ. "ಹತ್ತಿರ ಬಂದೈತಿ" ಎಂಬುದೇ ಅವಳು ಕೊಡುತ್ತಿದ್ದ ದೊಡ್ಡ ಮೆಚ್ಚುಗೆ.

ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲ್‌ನಲ್ಲಿ ಮನೆಯವರೆಲ್ಲರಿಗೂ ಕೋವಿಡ್ ಬಂತು. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವಳು ಒಗ್ಗರಣೆಗೆ ಇಂಗು ಹಾಕಿದಳು. ಏನೂ ಬರಲಿಲ್ಲ. ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿದಳು. ಆಗಲೂ ಇಲ್ಲ. ಕೆಲವು ತಿಂಗಳ ನಂತರ ಇಲ್ಲದ ವಾಸನೆಗಳು ಬರತೊಡಗಿದವು. ಏನೂ ಸುಡದಿದ್ದರೂ ಸುಟ್ಟ ರಬ್ಬರಿನ ವಾಸನೆ. ಮೂಲವೇ ಇಲ್ಲದ ಹೊಗೆ. ನರಗಳು ಮತ್ತೆ ಬೆಳೆಯುವಾಗ ಹೀಗೆ ಸುಳ್ಳು ಸುದ್ದಿ ಕಳಿಸುವುದುಂಟು, ಪೂರ್ತಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಕಲ್ಯಾಣದ ಡಾಕ್ಟರು. ಮೂಲ ಕಣ್ಣಿಗೆ ಕಾಣದ ಯಾವ ವಾಸನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವಳು ಆಗಲೇ ನಿಶ್ಚಯಿಸಿದಳು. ಮರುವರ್ಷ ಕೆಲಸ ಬಿಟ್ಟಳು. ಎಂಐಡಿಸಿಯ ಆ ರಸ್ತೆಗೆ ಮತ್ತೆ ಕಾಲಿಡಲಿಲ್ಲ.

ಬಲ್ಗೇರಿಯಾದ ಮಾತು ತೆಗೆದವಳು ಮಗಳು ಅಪೇಕ್ಷಾ. ಐರೋಲಿಯಲ್ಲಿ ಅವಳ ಆಫೀಸು. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಠಾಣೆಯ ಒಂದು ಟ್ರಾವೆಲ್ಸ್‌ನವರು ಆ ದೇಶದ ವರ್ಷದ ಹಬ್ಬಗಳನ್ನು ತಿಂಗಳುವಾರು ಅಚ್ಚು ಹಾಕಿಸಿದ್ದರು. ಜನವರಿಯಲ್ಲಿ ಸೊಂಟಕ್ಕೆ ಗಂಟೆ ಕಟ್ಟಿ, ಮೃಗದ ಮುಖವಾಡ ಹಾಕಿ ಕುಣಿದು ಕೆಡುಕನ್ನು ಓಡಿಸುವ ಹಬ್ಬ. ಮಾರ್ಚ್ ಒಂದಕ್ಕೆ ಕೆಂಪು ಬಿಳಿ ದಾರ ಕಟ್ಟುವ ಹಬ್ಬ. ಮೇ ತಿಂಗಳಲ್ಲಿ ತಮ್ಮ ಅಕ್ಷರಗಳಿಗೇ ಒಂದು ಹಬ್ಬ. ಜೂನ್ ಮೊದಲ ವಾರ, ಕಜಾನ್‌ಲಾಕ್ ಎಂಬ ಊರಿನಲ್ಲಿ ಗುಲಾಬಿ ಹಬ್ಬ.

ಮೂಗಿಲ್ಲದವಳಿಗೆ ಗುಲಾಬಿಯ ಊರೇಕೆ ಎಂದಳು ಸೌಭಾಗ್ಯ.

"ಮಮ್ಮಿ, ಏಕ್ ಬಾರ್ ಜಾಕೆ ತೋ ದೇಖ್," ಎಂದಳು ಅಪೇಕ್ಷಾ. "ವಹಾಂ ಭೀ ನಹೀ ಆಯಾ, ತೋ ಮಾನ್ ಲೇಂಗೆ."

ಒಮ್ಮೆ ಹೋಗಿಯಾದರೂ ನೋಡು, ಅಲ್ಲಿಯೂ ವಾಸನೆ ಬರದಿದ್ದರೆ ಒಪ್ಪಿಕೊಂಡು ಬಿಡೋಣ. ಆ ಮಾತು ಸೌಭಾಗ್ಯಳಿಗೆ ನಾಟಿತು, ಏಕೆಂದರೆ ಅದು ಪರೀಕ್ಷೆಯ ಭಾಷೆಯಲ್ಲಿತ್ತು. ಬರಬೇಕಾದ ಜಾಗದಲ್ಲೇ ಬರದಿದ್ದರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಅವಳು ಒಪ್ಪಿದಳು. ಸಿದ್ಧೇಶ್ವರ ನಿವೃತ್ತನಾಗಿದ್ದ, ಅವನೂ ಚಕ್ಕುಲಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟ.

ಎರಡು ಬೆಟ್ಟಸಾಲುಗಳ ನಡುವೆ ಉದ್ದಕ್ಕೆ ಮಲಗಿದ್ದ ಆ ಕಣಿವೆಯನ್ನು ಅವಳು ಮೊದಲ ಸಲ ಬಸ್ಸಿನ ಕಿಟಕಿಯಿಂದ ಕಂಡಳು. ಸೀಸೆಯ ಮೇಲಿನ ಚೀಟಿಯಲ್ಲಿ ಅವಳು ಓದುತ್ತಿದ್ದ ಕಜಾನ್‌ಲಾಕ್ ಎಂಬ ಹೆಸರು ಈಗ ರಸ್ತೆಯ ಫಲಕದ ಮೇಲಿತ್ತು. ಊರಿನ ಗಿಡಗಳ ಕೊಂಬೆಗಳಲ್ಲಿ ಮಾರ್ಚ್‌ನಲ್ಲಿ ಕಟ್ಟಿದ ಕೆಂಪು ಬಿಳಿ ದಾರಗಳು ಬಿಸಿಲಿಗೆ ಮಾಸಿ ಇನ್ನೂ ತೂಗುತ್ತಿದ್ದವು. ವರ್ಷದ ಮೊದಲ ಹೂ ಬಿಟ್ಟ ಗಿಡ ಕಂಡಾಗ ಮೈಮೇಲಿನ ದಾರ ಬಿಚ್ಚಿ ಅದಕ್ಕೆ ಕಟ್ಟುತ್ತಾರಂತೆ. ವಟಪೌರ್ಣಿಮೆ ಮುಗಿದ ಮೇಲೆ ಡೊಂಬಿವಲಿಯ ಆಲದ ಮರಗಳೂ ಹೀಗೆಯೇ ದಾರ ಸುತ್ತಿಕೊಂಡು ನಿಂತಿರುತ್ತವೆ. ಇಷ್ಟು ದೂರದ ಜನಕ್ಕೂ ಮರದ ಬಳಿ ಬೇಡಿಕೊಳ್ಳುವುದೇನೋ ಇದೆಯಲ್ಲ ಎಂದು ಅವಳು ಬಹಳ ಹೊತ್ತು ಆ ದಾರಗಳನ್ನೇ ನೋಡಿದಳು.

ಮರುದಿನ ನಸುಕಿನಲ್ಲೇ ಅವರನ್ನು ಹೊಲಕ್ಕೆ ಕರೆದೊಯ್ದರು. ಬಿಸಿಲೇರಿದರೆ ಹೂವಿನ ಎಣ್ಣೆ ಹಾರಿಹೋಗುತ್ತದೆ. ಅಷ್ಟರೊಳಗೆ ಬಿಡಿಸಿ ಮುಗಿಸಬೇಕು. ಮಂಜು ಸರಿದಂತೆ ಸಾಲುಸಾಲು ಪೊದೆಗಳು ಕಾಣಿಸಿದವು. ಸಾಲಿನ ಕೊನೆ ಕಾಣಿಸಲಿಲ್ಲ. ರಾತ್ರಿ ಮೊಗ್ಗಾಗಿದ್ದವು ಈಗ ತೆಳು ಗುಲಾಬಿ ಬಣ್ಣದ ಹೂಗಳಾಗಿ, ಇಬ್ಬನಿ ತುಂಬಿಕೊಂಡು ನಿಂತಿದ್ದವು. ಕಸೂತಿಯ ಅಂಗಿ ತೊಟ್ಟ ಹೆಂಗಸರು ಹಾಡುತ್ತ ಬಿಡಿಸುತ್ತಿದ್ದರು. ಒಬ್ಬ ಮುದುಕ ಚರ್ಮದ ಚೀಲದ ವಾದ್ಯವನ್ನು ಕಂಕುಳಲ್ಲಿ ಅದುಮಿ ಊದುತ್ತಿದ್ದ. ಒಂದು ಕಿಲೋ ಎಣ್ಣೆಗೆ ಮೂರು ನಾಲ್ಕು ಟನ್ ಹೂ ಬೇಕೆಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಆದರೆ ಆ ಸಂಖ್ಯೆಗೆ ಕೈಗಳಿವೆ, ಹಾಡಿದೆ, ಬಗ್ಗಿದ ಬೆನ್ನುಗಳಿವೆ ಎಂದು ಗೊತ್ತಿರಲಿಲ್ಲ. ಮೂವತ್ತು ವರ್ಷ ಅವಳು ಮುಷ್ಟಿಯಲ್ಲಿ ಹಿಡಿದು ಕರಗಿಸಿದ್ದು ಈ ಬೆಳಗುಗಳನ್ನು.

ಅವಳು ಒಂದು ಹೂವಿನ ಮುಂದೆ ಬಗ್ಗಿದಳು. ಮೊದಲು ಮೊಣಕೈಯ ಮಡಿಕೆಯಲ್ಲಿ ಉಸಿರೆಳೆದು, ನಂತರ ಹೂವಿನ ಹತ್ತಿರ. ಲವಂಗ ಬರಲಿಲ್ಲ. ನಿಂಬೆಸಿಪ್ಪೆ ಬರಲಿಲ್ಲ. ಒದ್ದೆ ಎಲೆ, ಮೆಣಸು ಒಂದೂ ಇಲ್ಲ. ಇನ್ನೊಂದು ಹೂ, ಇನ್ನೊಂದು ಸಾಲು. ನಡುವೆ ಒಮ್ಮೆ ಕಾರ್ಖಾನೆಯ ಅಂಗಳ ತೇಲಿ ಬಂದಂತಾಯಿತು: ಬಿಸಿಲು, ನೀಲಿ ಡ್ರಮ್ಮು. ಇಲ್ಲಿ ಡ್ರಮ್ಮು ಎಲ್ಲಿಂದ ಬರಬೇಕು? ಸುಟ್ಟ ರಬ್ಬರಿನ ಹಾಗೆ ಇದೂ ಸುಳ್ಳು ಸುದ್ದಿಯೇ ಎಂದು ಅವಳು ಅದನ್ನು ತಳ್ಳಿಹಾಕಿದಳು.

ಸಿದ್ಧೇಶ್ವರ ದೂರದಲ್ಲಿ ಕಾದು ನಿಂತಿದ್ದ. ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಏನರ ಬಂತೇನು?"

"ಇಲ್ರಿ."

ಅವನು ಚೀಲದಿಂದ ಚಕ್ಕುಲಿ ತೆಗೆದುಕೊಟ್ಟ. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಪರೀಕ್ಷೆ ಮುಗಿದಿತ್ತು. ಬರಬೇಕಾದ ಜಾಗದಲ್ಲೇ ಬಂದಿರಲಿಲ್ಲ. ಎದುರಿನ ಬೆಟ್ಟದ ತಲೆಗೆ ಬಿಸಿಲು ಬಿತ್ತು. ಹೊಲ ಪೂರ್ತಿ ಬಣ್ಣಕ್ಕೆ ತಿರುಗಿತು. ಮೂಗು ಇರಲಿ ಬಿಡಲಿ, ಕಣ್ಣು ತನ್ನ ಪಾಡಿಗೆ ತುಂಬಿ ಬಂತು.

ಹೂ ಬಿಡಿಸುತ್ತಿದ್ದವರಲ್ಲಿ ಸ್ತೊಯಾಂಕಾ ಎಂಬ ಮುದುಕಿ ಬಂದವರಿಗೆಲ್ಲ ಹೂವಿನ ದಂಡೆ ಕಟ್ಟಿ ತಲೆಗೆ ಇಡುತ್ತಿದ್ದಳು. ಸೌಭಾಗ್ಯಳ ಸರದಿ ಬಂದಾಗ ಅವಳ ಕೈ ತಾನಾಗಿಯೇ ಬೇಡವೆಂದು ಮೇಲೆದ್ದಿತು.

"ಹಾಕ್ಕೊಂಡು ಬಿಡು," ಎಂದ ಸಿದ್ಧೇಶ್ವರ. "ಇಲ್ಲಿ ಯಾವ ವಾಸನಿ ಕೋಣಿ ಐತಿ ನಿಂದು? ಅವ್ವಗ ಒಂದು ಫೋಟೋ ಕಳಿಸೂಣು, ಖುಷಿ ಆಗ್ತಾಳ."

ಕೈ ಇಳಿಯಿತು. ಮುದುಕಿ ದಂಡೆಯನ್ನು ನೆತ್ತಿಯ ಮೇಲೆ ಅದುಮಿ ಕೂರಿಸಿ, ಕೆನ್ನೆ ತಟ್ಟಿ, ತನ್ನ ಭಾಷೆಯಲ್ಲಿ ಏನೋ ಹೇಳಿ ಮುಂದೆ ಹೋದಳು.

ಮಧ್ಯಾಹ್ನ ಊರ ನಡುವಿನ ಚೌಕದಲ್ಲಿ ಮೆರವಣಿಗೆ. ಆ ವರ್ಷದ ಗುಲಾಬಿ ರಾಣಿ ಕಿರೀಟ ಇಟ್ಟುಕೊಂಡು ಕೈಬೀಸುತ್ತ ಹೋದಳು. ಹಿಂದೆ ಶಾಲೆಯ ಹುಡುಗಿಯರು ದಳ ಎರಚುತ್ತ ಬಂದರು. ಜನವರಿಯ ಹಬ್ಬದ ಮುಖವಾಡದವರು ಇಲ್ಲಿಗೂ ಬಂದಿದ್ದರು. ಅವರು ಹಾರಿದಾಗಲೆಲ್ಲ ಸೊಂಟದ ಗಂಟೆಗಳ ಸದ್ದಿಗೆ ನೆಲ ನಡುಗಿದಂತಾಗುತ್ತಿತ್ತು. ಗಂಡ ಹೆಂಡತಿ ಚೌಕದ ಅಂಚಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಬಿಸಿಲು ಚುರುಕಾಗಿತ್ತು. ತಲೆಯ ಬಿಸಿಗೆ ದಂಡೆಯ ಹೂಗಳು ಬಾಡತೊಡಗಿದ್ದವು.

ಆಗ ಮತ್ತೆ ಆ ಡ್ರಮ್ಮಿನ ಅಂಗಳ ಬಂತು.

ಈ ಸಲ ಅದು ತೇಲಿ ಹೋಗಲಿಲ್ಲ. ತಲೆ ಅಲುಗಿಸಿದರೆ ಹೆಚ್ಚುತ್ತಿತ್ತು, ಸುಮ್ಮನಿದ್ದರೆ ಇಳಿಯುತ್ತಿತ್ತು. ಸುಳ್ಳು ವಾಸನೆ ಹೀಗೆ ತಲೆಯ ಮಾತು ಕೇಳುವುದಿಲ್ಲ. ಸೌಭಾಗ್ಯ ನೆಟ್ಟಗೆ ಕುಳಿತಳು. ಎಂದೋ ಓದಿದ ಒಂದು ವಾಕ್ಯ ನೆನಪಾಯಿತು. ಹೂವನ್ನು ಬೇಯಿಸಿ ಎಣ್ಣೆ ಇಳಿಸುವಾಗ ಆ ಡ್ರಮ್ಮಿನ ಪಿ.ಇ.ಎ. ನೀರಿನಲ್ಲಿ ಕರಗಿ ಹೋಗುತ್ತದೆ, ಎಣ್ಣೆಯಲ್ಲಿ ಉಳಿಯುವುದು ತೀರಾ ಕಡಿಮೆ. ಸೀಸೆಯಲ್ಲಿ ಇಲ್ಲದ್ದು ಹೂವಿನಲ್ಲಿ ತುಂಬಿರುತ್ತದೆ. ಅವಳು ಬೆಳಿಗ್ಗೆಯೆಲ್ಲ ಹೂವಿನೊಳಗೆ ಸೀಸೆಯನ್ನು ಹುಡುಕಿದ್ದಳು. ಇಷ್ಟು ವಾಸನೆ ತುಂಬಿದ ಹಸಿ ಹೂ ಡೊಂಬಿವಲಿಗೆ ಎಂದೂ ಬಂದಿರಲಿಲ್ಲ. ಸ್ಟೇಷನ್ ಹೊರಗೆ ಮಾರುವ ಗುಲಾಬಿಗೆ ಚಿಮುಕಿಸಿದ ನೀರಿನ ವಾಸನೆ ಬಿಟ್ಟರೆ ಬೇರೇನೂ ಇರುವುದಿಲ್ಲ.

ಆದರೂ ನೆನಪಾದದ್ದೆಲ್ಲ ನಿಜವೆಂದು ಅವಳು ಒಪ್ಪುವವಳಲ್ಲ. ದಂಡೆ ತೆಗೆದು ಗಂಡನ ಕೈಗಿತ್ತಳು. ಅದರ ನಾಲ್ಕು ಹೂ ಬಿಡಿಸಿ ಒಂದು ಕರವಸ್ತ್ರದಲ್ಲಿ ಕಟ್ಟಿ, ಇನ್ನೊಂದನ್ನು ಖಾಲಿ ಕಟ್ಟಿ, ತನಗೆ ಗೊತ್ತಾಗದಂತೆ ಅದಲು ಬದಲು ಮಾಡಿ ಮೂಗಿಗೆ ಹಿಡಿಯಲು ಹೇಳಿದಳು. ಕಣ್ಣು ಮುಚ್ಚಿದಳು. ಮೊಣಕೈಯ ಮಡಿಕೆಯಲ್ಲಿ ಉಸಿರೆಳೆದಳು.

ಮೊದಲನೆಯದು, ಇಲ್ಲ. ಎರಡನೆಯದು, ಇಲ್ಲ. ಮೋಸ ಮಾಡಲು ಅವನು ಖಾಲಿಯದನ್ನೇ ಎರಡು ಸಲ ಹಿಡಿದಿದ್ದ. ಮೂರನೆಯ ಸಲ ಅವಳೆಂದಳು, "ಇದು." ಅವನು ಸುಮ್ಮನೆ ಮುಂದುವರಿಸಿದ. ಇದು. ಇಲ್ಲ. ಇಲ್ಲ. ಇದು. ನಡುವೆ ತನ್ನ ಟೊಪ್ಪಿಗೆಯನ್ನೂ ಹಿಡಿದು ನೋಡಿದ. ಅದಕ್ಕೂ "ಇಲ್ಲ" ಎಂದಳು. ಒಂದೂ ತಪ್ಪಲಿಲ್ಲ. ಕೊನೆಗೆ ಗಂಟು ಸಡಿಲಾಗಿ, ಕರವಸ್ತ್ರ ಬಿಚ್ಚಿಕೊಂಡು ದಳಗಳು ಅವಳ ಮಡಿಲಿಗೆ ಬಿದ್ದವು. ಆಗ ಕಣ್ಣು ಬಿಟ್ಟಳು.

"ಅಂದ್ರ ಬಂತು?"

"ಒಂದು ಬಂತ್ರಿ."

"ಯಾವುದು?"

"ಡ್ರಮ್ಮಿಂದು."

ಸಿದ್ಧೇಶ್ವರ ಕನ್ನಡಕ ತೆಗೆದು ಒರೆಸಿಕೊಂಡ. "ಅದಕ್ಕ ಬಲ್ಗೇರಿಯಾತನಕ ಬರಬೇಕಾಗಿತ್ತೇನು? ಎಂಐಡಿಸಿ ಗೇಟಿನ ಮುಂದ ನಿಂತಿದ್ರ ಸಾಕಾಗ್ತಿತ್ತು," ಎಂದ. ಅವಳು ನಕ್ಕಳು. ಆ ಗೇಟಿನ ಮುಂದೆ ಹೋಗಿ ನಿಲ್ಲುವ ಧೈರ್ಯ ಅವಳಿಗಿರಲಿಲ್ಲವೆಂದು ಅವನಿಗೂ ಗೊತ್ತಿತ್ತು. ಬಿಸಿಲಿಗೆ ನಿಂತ ಆ ಅಗ್ಗದ ಡ್ರಮ್ಮಿನಲ್ಲಿದ್ದದ್ದೂ ನಸುಕಿನಲ್ಲಿ ಅರಳಿ ನಿಂತ ಹೂವಿನಲ್ಲಿದ್ದದ್ದೂ ಒಂದೇ ಅಣು. ಅದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೆ ಮೂಗಿಗೆ ಅದು ಗೊತ್ತಾದದ್ದು ಇವತ್ತೇ.

"ಉಳಿದದ್ದು ಬರ್ತೈತೇನು?" ಎಂದು ಅವನು ಕೇಳಿದ.

"ಈಗಲೇ ಹ್ಯಾಂಗ ಹೇಳೂದ್ರಿ? ಒಂದು ತಾಸು ಬಿಟ್ಟು ಮತ್ತ ನೋಡಬೇಕು. ನಾಳೆ ಮುಂಜಾನಿ ಇನ್ನೊಮ್ಮೆ."

"ಅಲ್ಲೀತನಕ ಈ ಹೂವು?"

"ತಲ್ಯಾಗ ಇರ್ತೈತಿ," ಎಂದು ಅವಳು ಮಡಿಲಿಗೆ ಬಿದ್ದ ದಳಗಳನ್ನು ಒಂದೂ ಬಿಡದೆ ಆರಿಸಿ ಕರವಸ್ತ್ರದಲ್ಲಿಟ್ಟು, ದಂಡೆಯನ್ನು ಮತ್ತೆ ಮುಡಿಗೇರಿಸಿಕೊಂಡಳು. ಎದುರಿಗೆ ಗಂಟೆಯವರ ಎರಡನೆಯ ತಂಡ ಬರುತ್ತಿತ್ತು.