ಬೆಲ್ಟಿನ ಡಬ್ಬಿ

ಏ, ಈಗಷ್ಟ ಬಸ್ಸಿನ್ಯಾಗ ಏನಾತು ಗೊತ್ತೇನ್ರಿ? ಹೇಳಿದ್ರ ನಂಬಂಗಿಲ್ಲ ನೀವು! ನಾ ಬಾಣಂತ್ಯಾರು ಹೊಟ್ಟಿಗೆ ಕಟ್ಟೋ ಬೆಲ್ಟು ಮಾರಾಂವ. ಸಿಂಧನೂರಿಂದ ಲಿಂಗಸುಗೂರಿನ ಮೆಡಿಕಲ್ ಅಂಗಡಿಗೋಳಿಗೆ ಮಾಲು ಒಯ್ಯಾಕತ್ತಿದ್ದೆ. ಮಸ್ಕಿಯೊಳಗ ಒಬ್ಬ ಅಕ್ಕ ಹತ್ತಿದಳು, ಹೊಟ್ಟಿ ಮುಂದ ಬಂದಿತ್ತು. ನಾ ದಡಗ್ನ ಎದ್ದು, "ಕೂಡ್ರಿ ಅಕ್ಕಾ, ಎಷ್ಟು ತಿಂಗಳ್ರಿ?" ಅಂದೆ. ಈ ಬಾಯಿ ಸುಮ್ಕಿರಬೇಕಲ್ಲ!

"ಹಡದು ಎರಡು ತಿಂಗಳಾತಪ್ಪ. ಕೂಸು ಉಳೀಲಿಲ್ಲ," ಅಂದಳು.

ಆಕೀನ ಮಾತು ಮುಂದುವರಿಸಿ ಹೇಳಿದಳು: "ಕೂಸಿದ್ರ ನಮ್ಮವ್ವ ಹಳೇ ಸೀರಿ ಹರದು ದಿನಾ ಹೊಟ್ಟಿ ಬಿಗದು ಕಟ್ಟತಿದ್ದಳು. ಬರೇ ಕೈಲೆ ಬಂದಾಕಿಗೆ ಎಂಥಾ ಬಾಣಂತನ ಅಂತ ಯಾರೂ ಕಟ್ಟಲಿಲ್ಲ. ಈಗ ಕಂಡಕಂಡವರೆಲ್ಲ ತಿಂಗಳು ಕೇಳತಾರ. ಇದೊಂದು ಹೊಟ್ಟಿ ಇಳದ್ರ ಸಾಕು ನೋಡಪ್ಪ."

ನಾ ಚೀಲದಾಗಿಂದ ಒಂದು ಬೆಲ್ಟು ತಗದೆ. ಡಬ್ಬಿ ಮ್ಯಾಲ ನಗೋ ಕೂಸಿನ ಚಿತ್ರ ಐತ್ರಿ! ಗಡಬಡಿಸಿ ಡಬ್ಬಿ ಚೀಲದಾಗ ತುರಕಿ, ಬರೇ ಬೆಲ್ಟು ಕೊಟ್ಟೆ. "ಒಮ್ಮೆಲೇ ಬಿಗೀಬ್ಯಾಡ್ರಿ ಅಕ್ಕಾ, ಡಾಕ್ಟರಮ್ಮಗ ಕೇಳಿ ಕಟ್ಟಿಕೋರಿ, ಸಾವಕಾಶ ಇಳೀತೈತಿ," ಅಂದೆ. ಆಕಿ ಅದನ್ನ ಮಡಚಿ ತೊಡಿ ಮ್ಯಾಲ ಇಟ್ಕೊಂಡಳು.

ಲಿಂಗಸುಗೂರು ಬಂತು. ಇಳಿಯೋವಾಗ ನನ್ನ ಚೀಲ ನೋಡಿ, "ತಮ್ಮಾ, ಆ ಕೂಸಿನ ಚಿತ್ರದ ಡಬ್ಬೀನೂ ಕೊಡತೀಯೇನು?" ಅಂದಳು.

ನಾ ಚೀಲಕ್ಕ ಕೈ ಹಾಕಿ ಡಬ್ಬಿ ತಗದೆ. ಕೊಟ್ಟುಬಿಟ್ಟೆ. ತಪ್ಪು ಮಾಡಿದ್ನೇನೋ. ನೀವಾಗಿದ್ರ ಏನ್ ಮಾಡತಿದ್ರಿ, ಹೇಳ್ರಿ?