ಹೂವಿಗೆ ಕೊಟ್ಟ ತಾರೀಕು

ಕಾಫಿ ಹೂವಿಗೆ ತಾರೀಕು ಕೊಡಲು ಬರುವುದಿಲ್ಲ. ಇದನ್ನು ಆ ಸಭೆಯಲ್ಲೇ ಹೇಳಬೇಕಿತ್ತು. ಪಂಚಾಯಿತಿ ಸದಸ್ಯೆ ಎಂದು ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು, ಗೋಡಂಬಿ ಹಾಕಿದ ಉಪ್ಪಿಟ್ಟು ಕೊಟ್ಟಿದ್ದರು. ಪ್ರವಾಸಿಗರಿಗಾಗಿ ಹೂವಿನ ಉತ್ಸವ ಮಾಡೋಣ, ನಮ್ಮ ಗುಡ್ಡಗಳ ಹೆಸರು ಎಲ್ಲ ಕಡೆ ಹೋಗಲಿ ಎಂದರು ಪ್ರವಾಸೋದ್ಯಮ ಸಮಿತಿಯ ಅಧಿಕಾರಿ. ಉದ್ಘಾಟಕರ ಡೈರಿ ನೋಡಿ ಒಂದು ಭಾನುವಾರ ಗೊತ್ತುಮಾಡಿದರು. ನಾನೂ ಚಪ್ಪಾಳೆ ತಟ್ಟಿದೆ.

ಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ಹೂವಾಗುತ್ತದೆ. ಎರಡು ದಿನ ತೋಟವೆಲ್ಲ ಬೆಳ್ಳಗಿದ್ದು ಮೂರನೆಯ ದಿನ ಕಂದುತ್ತದೆ. ಮಳೆ ಬರದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹೊಡೆದು ಹೂ ಬರಿಸಬಹುದು. ಆದರೆ ಹೂವಾದ ಎರಡು ಮೂರು ವಾರದೊಳಗೆ ಇನ್ನೊಂದು ಸಲ ನೀರು ಬೇಕೇ ಬೇಕು. ಅದಕ್ಕೆ ನಾವು ಬ್ಯಾಕಿಂಗ್ ಅನ್ನುತ್ತೇವೆ. ಅದು ತಪ್ಪಿದರೆ ಕಾಯಿ ಕಚ್ಚುವುದಿಲ್ಲ. ಇಷ್ಟು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಸಭೆಯಲ್ಲಿ ಅರ್ಧಕ್ಕರ್ಧ ತೋಟದವರೇ ಇದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ. ಮನೆ ಜಗುಲಿಯಲ್ಲಿ ಸರ್ಕಾರವನ್ನೇ ಉರುಳಿಸುವ ನಾವು ಅಧಿಕಾರಿಯ ಎದುರು ಕೂತರೆ ಉಪ್ಪಿಟ್ಟು ತಿನ್ನುತ್ತೇವೆ, ಅಷ್ಟೆ.

ರಸ್ತೆ ಬದಿಗೆ ಒಂದು ತೋಟ ಬೇಕು, ಬಸ್ಸು ತಿರುಗಲು ಜಾಗವಿರಬೇಕು ಎಂದು ಕೇಳಿದಾಗ ಪಕ್ಕದ ತೋಟದವಳ ಹೆಸರು ಹೇಳಿದವಳು ನಾನೇ. ಒಂದೆಕರೆ ರೋಬಸ್ಟಾ, ತಗ್ಗಿನಲ್ಲೊಂದು ಪುಟ್ಟ ಕೆರೆ. ಗಂಡ ಬಾಳ್ಳುಪೇಟೆಯಲ್ಲಿ ಲಾರಿ ಹತ್ತಿದರೆ ಮನೆಗೆ ಬರುವುದು ವಾರಕ್ಕೊಮ್ಮೆ. ತೋಟ ಪೂರಾ ಅವಳ ಕೈಯಲ್ಲಿ, ಅವಳ ಇಡೀ ವರ್ಷ ಆ ಒಂದೆಕರೆಯಲ್ಲಿ. ನನ್ನ ತೋಟವೂ ರಸ್ತೆ ಬದಿಗೇ ಇದೆ, ಅವಳದಕ್ಕಿಂತ ದೊಡ್ಡದು. ಅದನ್ನು ಕೊಡಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದೇ ಇವತ್ತಿಗೂ ಹೇಳಿಕೊಳ್ಳುತ್ತಿದ್ದೇನೆ.

"ಕೆರೇಲಿ ಎರಡ್ಸಲಕ್ಕೆ ಆಗೋಷ್ಟೇ ನೀರೈತೆ ಕಣಕ್ಕ," ಎಂದಳು ಅವಳು, ಆ ಭಾನುವಾರಕ್ಕೆ ನೀರು ಹೊಡೆದು ಹೂ ಬರಿಸು ಎಂದು ನಾನು ಹೋಗಿ ಕೇಳಿದಾಗ. "ಮಳೆ ಬರ್ಲಿ ಅಂತ ಕಾಯ್ತಿದ್ದೆ."

"ಎರಡ್ಸಲಕ್ಕೆ ಐತಲ್ಲ, ಸಾಕಲ್ವ? ಊರಿಗೆ ಹೆಸರು ಬರ್ತೈತೆ ಕಣೆ."

"ನೀವು ಹೇಳ್ತಿದೀರಲ್ಲ, ಆಯ್ತು ಬುಡಿ."

ಭಾನುವಾರಕ್ಕೆ ಸರಿಯಾಗಿ ಅರಳುವಂತೆ ಲೆಕ್ಕ ಹಾಕಿ ಒಂಬತ್ತು ದಿನ ಮೊದಲೇ ನೀರು ಹೊಡೆದಳು. ಆರನೆಯ ದಿನ ಸಮಿತಿಯಿಂದ ಫೋನು ಬಂತು. ಉದ್ಘಾಟಕರಿಗೆ ಬೇರೆ ಕಾರ್ಯಕ್ರಮವಂತೆ, ಉತ್ಸವ ಎರಡು ವಾರ ಮುಂದಕ್ಕೆ ಹೋಗಿದೆಯಂತೆ.

"ಸರ್, ಮೊಗ್ಗು ಉಬ್ಬಿಬಿಟ್ಟಿದೆ," ಎಂದೆ.

"ಸ್ವಲ್ಪ ಅಡ್ಜಸ್ಟ್ ಮಾಡಿಸಿ ಮೇಡಂ," ಎಂದರು.

ಯಾರಿಗೆ ಹೇಳಿ ಅಡ್ಜಸ್ಟ್ ಮಾಡಿಸಲಿ, ಮೊಗ್ಗಿಗೋ? ಹೂ ಅದೇ ಭಾನುವಾರ ಅರಳಿತು. ನೋಡಲು ಇದ್ದದ್ದು ಅವಳು, ನಾನು ಮತ್ತು ಜೇನುಹುಳ. ಮಂಗಳವಾರದ ಹೊತ್ತಿಗೆ ಎಲ್ಲ ಕಂದಿತ್ತು. ಬೇಗ ಬ್ಯಾಕಿಂಗ್ ಕೊಟ್ಟುಬಿಡುತ್ತೇನೆ ಎಂದಳು. ಜನ ಓಡಾಡುವ ಜಾಗ ಕೆಸರಾಗುತ್ತದೆ, ಉತ್ಸವ ಮುಗಿದ ಮಾರನೆಯ ದಿನ ಕೊಡಲಿ ಎಂದು ಸಮಿತಿ ಹೇಳಿತು. ಆ ಮಾತನ್ನೂ ಅವಳಿಗೆ ಮುಟ್ಟಿಸಿದ್ದು ನಾನೇ.

ಉತ್ಸವದ ದಿನ ಕಮಾನಿಗೆ ಪ್ಲಾಸ್ಟಿಕ್ ಹೂ ಕಟ್ಟಿದ್ದರು. ವನಗೂರು ಕಡೆಯಿಂದ ಜೀಪುಗಳು, ಬೆಂಗಳೂರಿನ ಕಾರುಗಳು, ಮೊಣಕಾಲುದ್ದ ಧೂಳು. ತಾತ್ಕಾಲಿಕ ಶೌಚಾಲಯ ತಂದು ಸಾಲಾಗಿ ನಿಲ್ಲಿಸಿದ್ದರು, ನೀರು ತರಿಸುವುದನ್ನು ಮರೆತಿದ್ದರು. ಹೆಣ್ಣುಮಕ್ಕಳು ಬಾಗಿಲು ತೆರೆದು ನೋಡಿ ಮುಖ ಕಿವುಚಿ ವಾಪಸಾಗುತ್ತಿದ್ದರು. ಟ್ಯಾಂಕರಿನವನು ಓಡಿ ಬಂದು, "ಮೇಡಂ, ಈ ಕೆರೇಲಿ ತುಂಬಿಸ್ಕೊಳ್ಳಾ?" ಎಂದ. ಹೂ ಎಲ್ಲಿ, ಹೂ ಎಲ್ಲಿ ಎಂದು ಕೇಳುವವರಿಗೆ ಉತ್ತರ ಹೇಳಿ ನನಗೆ ತಲೆ ಕೆಟ್ಟಿತ್ತು. "ತುಂಬಿಸ್ಕೊ ಮಾರಾಯ," ಎಂದೆ. ಒಂದು ಟ್ಯಾಂಕರ್ ಎಂದುಕೊಂಡಿದ್ದೆ. ಶೌಚಾಲಯಕ್ಕೆ, ಧೂಳಿಗೆ, ಕೊನೆಗೆ ಅತಿಥಿಗಳ ಕಾರು ತೊಳೆಯುವುದಕ್ಕೂ ಅದೇ ನೀರು ಹೋಯಿತು. ವೇದಿಕೆಯ ಮೇಲೆ ಅವಳಿಗೆ ಶಾಲು ಹೊದಿಸುವಾಗ ತಗ್ಗಿನಲ್ಲಿ ಮೋಟರು ಓಡುತ್ತಲೇ ಇತ್ತು.

ಶಾಲು ಹೊದ್ದುಕೊಂಡೇ ಅವಳು ಕೆರೆಗೆ ಇಳಿದಳು. ತಳದಲ್ಲಿ ಕೆಸರಿತ್ತು.

"ಅಕ್ಕ, ಇದು ಬ್ಯಾಕಿಂಗ್ ನೀರಲ್ವ?" ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಕೆರೆಯಿಂದ ಪೈಪು ಎಳೆಯಬಹುದಿತ್ತು. ನನ್ನ ತೋಟಕ್ಕೆ ಸಾಲದೇ ಹೋದರೆ ಎಂಬ ಹೆದರಿಕೆ. ನಾಳೆ ಮೋಡ ಕಟ್ಟಬಹುದು, ನಾಡಿದ್ದು ಮಳೆ ಬರಬಹುದು ಎಂದು ದಿನ ದೂಡಿದೆ. ಮಳೆ ಬಂದಾಗ ಅವಳ ಗಿಡಗಳಲ್ಲಿ ಕರಿಕಡ್ಡಿಯಾದ ಹೂ ಮಾತ್ರ ಇತ್ತು. ನನ್ನ ತೋಟ ಆ ಮಳೆಗೇ ಹೂವಾಗಿ ಒಳ್ಳೆಯ ಕಾಯಿ ಹಿಡಿಯಿತು. ನಾಚಿಕೆಯಾಗುತ್ತದೆ.

ಆಮೇಲೆ ಸಮಿತಿಗೆ ಒಂದು ಪತ್ರ ಬರೆದೆ. ತಾರೀಕನ್ನು ಮಳೆ ಬಿದ್ದ ಮೇಲೆ ಇಡಿ, ಜನರನ್ನು ಕರೆಯಲು ಎಂಟು ದಿನ ಸಾಕು. ಕಮಾನಿಗಿಂತ ಮೊದಲು ನೀರು ತನ್ನಿ. ತೋಟ ಯಾರದ್ದೋ ಅವರನ್ನೇ ಸಭೆಗೆ ಕರೆದು ಕೇಳಿ, ನನ್ನಂಥವರನ್ನಲ್ಲ. ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ಈ ವರ್ಷವೂ ಒಂದು ಭಾನುವಾರ ಗೊತ್ತಾಗಿದೆಯಂತೆ. ಜಗಳವಾಡಲು ನನಗೆ ಈಗ ಶಕ್ತಿಯಿಲ್ಲ.

ನಮ್ಮಲ್ಲಿ ಕಾಫಿ ಕೊಯ್ಲಿಗೆ ಮುಯ್ಯಾಳು ಪದ್ಧತಿ. ಅವಳು ನನ್ನ ತೋಟಕ್ಕೆ ಎಷ್ಟು ದಿನ ಬರುತ್ತಾಳೋ ಅಷ್ಟು ದಿನ ನಾನು ಅವಳ ತೋಟಕ್ಕೆ ಹೋಗಬೇಕು, ಕೂಲಿಯ ಮಾತಿಲ್ಲ. ಈ ಸಲ ಬರಲಾರಳು ಎಂದುಕೊಂಡಿದ್ದೆ. ಬಂದಳು. ನಾಲ್ಕು ದಿನ ನನ್ನ ಜೊತೆ ಸಾಲು ಹಿಡಿದು ಕೊಯ್ದಳು. ನಾಲ್ಕನೆಯ ದಿನ ಸಂಜೆ, "ನಾಳೆಯಿಂದ ನಿನ್ ತೋಟಕ್ಕೆ ಬರ್ತೀನಿ," ಎಂದೆ.

ಅವಳು ಸೊಂಟದ ಬುಟ್ಟಿ ಬಿಚ್ಚಿ ಕೆಳಗಿಟ್ಟಳು. "ನಂದು ಮುಗ್ದೋಯ್ತು ಕಣಕ್ಕ. ಮೊನ್ನೆ ಬೆಳಗ್ಗೆ ಇಲ್ಲಿಗೆ ಬರೋಕ್ ಮುಂಚೆ ಕೊಯ್ಕಂಡ್ಬುಟ್ಟೆ."